ಹಿಡಿಯುವ ಮನೆ, ಬಿಡುವ ಮನೆ

ಗೃಹಶಬ್ದವು ‘ಗ್ರಹ್’ ಧಾತುವಿನಿಂದ ಬಂದುದು. ಹಿಡಿಯುವುದೆಂದು ಅದರ ಅರ್ಥ. ಆದರೆ ಮನೆಯು ಬಿಡುವುದನ್ನೂ ಅರಿತಿರಬೇಕೆಂಬುದಕ್ಕೆ ವಿಯೆಟ್ನಾಂ ದೇಶದ ಮನೆಗಳನ್ನು ನೋಡುವೆವು.

ಅಲ್ಲಿಯ ಉತ್ತರಭಾಗದ ಹಳ್ಳಿಗರು ಮನೆಯನ್ನು ದಕ್ಷಿಣಾಭಿಮುಖವಾಗಿ ಕಟ್ಟಿ, ಮುಂದೆ ಅಡಕೆಯನ್ನೂ ಹಿಂದೆ ಬಾಳೆಯನ್ನೂ ನೆಡುವುದು ಹಳೆಯ ರೂಢಿ. ನೀಳವಾದ ಅಡಕೆಯ ಕಾಂಡಗಳ ನಡುವೆ ಬೇಸಗೆಯ ತಂಗಾಳಿಯು ನುಸುಳುವುದು. ಅಗಲವಾದ ಬಾಳೆಯೆಲೆಗಳು ಚಳಿಗಾಲದ ಬಡಗಣ ಗಾಳಿಯನ್ನು ತಡೆಯುವುವು. ಅಂಕಣಗಳು ಮೂರೋ ಐದೋ ಇರುವುವು. ನಡುವಣದು ಪಿತೃಪೀಠಕ್ಕೆ ಮೀಸಲು.

ಪೇಟೆಯಲ್ಲಿ ಸ್ಥಳವು ಕಿರಿದು. ಹನೋಯಿ, ಹೊಯಿ ಆನ್ ಊರುಗಳ ವರ್ತಕರ ಹಳೆಯ ಮನೆಗಳು ಬೀದಿಗೆ ಕೆಲವೇ ಮೀಟರು ಅಗಲ, ಒಳಗೆ ಹತ್ತಾರು ಮೀಟರು ಉದ್ದ. ಇವಕ್ಕೆ ಕೊಳವೆಮನೆಗಳೆಂದು ಹೆಸರು. ಮುಂದೆ ಅಂಗಡಿ, ಹಿಂದೆ ಅಡಿಗೆಮನೆ, ನಡುವೆ ಗಾಳಿಬೆಳಕುಗಳಿಗಾಗಿ ಆಕಾಶಕ್ಕೆ ತೆರೆದ ತೊಟ್ಟಿ.

ಈಗಿನ ಕೊಳವೆಮನೆಯು ಕಾಂಕ್ರೀಟಿನಿಂದ ನಾಲ್ಕೈದು ಅಂತಸ್ತು ಏರಿದೆ. ಎಷ್ಟೋ ಕಡೆ ತೊಟ್ಟಿಯನ್ನು ಮುಚ್ಚಿ ಕೋಣೆ ಮಾಡಿರುವರು. ಕಳ್ಳರ ಭಯದಿಂದ ಬಾಲ್ಕನಿಗೆ ಕಬ್ಬಿಣದ ಸರಳುಗಳನ್ನು ಬಿಗಿದಿರುವರು. ಕಳ್ಳನು ಒಳಬರಲಾರದಲ್ಲಿ, ಬೆಂಕಿ ಬಿದ್ದಾಗ ಯಜಮಾನನೂ ಹೊರಬರಲಾರನು. 2023ನೆಯ ಸೆಪ್ಟೆಂಬರಿನಲ್ಲಿ ಹನೋಯಿಯ ಇಕ್ಕಟ್ಟಾದ ಓಣಿಯೊಂದರಲ್ಲಿ ಬಹು ಅಂತಸ್ತಿನ ವಸತಿಗೃಹವೊಂದಕ್ಕೆ ಬೆಂಕಿ ಬಿದ್ದು 56 ಜನರು ಮಡಿದರು.

ಹೊಸಬರಲ್ಲಿ ವಿವೇಕವಿಲ್ಲವೆಂದು ನಾವು ಹೇಳೆವು. ವೊ ಟ್ರಾಂಗ್ ನಿಯಾ ಮೊದಲಾದ ಶಿಲ್ಪಿಗಳು 2011ರಲ್ಲಿ ಹೋ ಚಿ ಮಿನ್ ನಗರದಲ್ಲಿ, 4 ಮೀಟರು ಅಗಲದ ನಿವೇಶನದಲ್ಲಿಯೇ, ಮುಂದೆಯೂ ಹಿಂದೆಯೂ ಗಿಡಗಳ ಸಾಲುಗಳನ್ನೇ ಮರೆಯಾಗಿಸಿ, ಗಾಳಿಯಾಡುವ ಮನೆಯೊಂದನ್ನು ರಚಿಸಿದರು.

ಮನೆ ಕಟ್ಟಿಸುವ ಗೃಹಸ್ಥರು ಎರಡು ದಾರಿಗಳನ್ನು ಮೊದಲು ಗೊತ್ತುಮಾಡಿಕೊಳ್ಳಲಿ: ಗಾಳಿಯು ಒಳಬರುವ ದಾರಿ, ಮಕ್ಕಳು ಹೊರಗೋಡುವ ದಾರಿ.