ತೊಳೆದ ನೀರು ಎಲ್ಲಿಗೆ ಹೋಯಿತು?

ಮಲೆನಾಡಿನ ಯುವಕರಿಗೆ ಹೊಸದೊಂದು ಉಪಕಸುಬಿನ ದಾರಿಯನ್ನು ತೋರಿಸಲಾಗುತ್ತಿದೆ. ಪ್ರೆಶರ್ ವಾಷರ್ ಯಂತ್ರವೊಂದನ್ನು ಕೊಳ್ಳುವುದು. ಅದನ್ನು ಗಾಡಿಗೆ ಹೇರಿಕೊಂಡು ಮನೆಮನೆಗೆ ಹೋಗುವುದು. ಪಾಚಿಗಟ್ಟಿದ ಅಂಗಳ, ಕಪ್ಪಾದ ಹೆಂಚು, ಹಸಿರು ಹತ್ತಿದ ಕಂಪೌಂಡು ಗೋಡೆಗಳನ್ನು ತೊಳೆದುಕೊಟ್ಟು ಚದರ ಅಡಿಯ ಲೆಕ್ಕದಲ್ಲಿ ಹಣ ಪಡೆಯುವುದು. ಬಂಡವಾಳ ಕಡಿಮೆ, ಕಲಿಯುವುದು ಸುಲಭ, ಕೆಲಸ ಮುಗಿದೊಡನೆ ಕೈಗೆ ಕಾಸು ಎಂಬುದು ಇದರ ಪ್ರಚಾರ. ಈ ಲೆಕ್ಕದಲ್ಲಿ ಯಂತ್ರದ ಬೆಲೆಯಿದೆ, ಪೆಟ್ರೋಲಿನ ಬೆಲೆಯಿದೆ, ಕೂಲಿಯೂ ಇದೆ. ಇಲ್ಲದಿರುವುದು ಎರಡೇ ಪ್ರಶ್ನೆಗಳು: ಯಂತ್ರದೊಳಗೆ ಹೋಗುವ ನೀರು ಯಾರದು? ಅಂಗಳದಿಂದ ಹರಿದುಹೋಗುವ ನೀರು ಯಾರ ಬಾವಿಯನ್ನು ಸೇರುತ್ತದೆ?

ದುಡಿಯಲು ಹೊರಟವರನ್ನು ಹಳಿಯುವುದು ಪರಿಸರ ಚಳವಳಿಯ ಕೆಲಸವಲ್ಲ. ತೋಟ ಪಾಲಾಗಿ ಪಾಲಾಗಿ ಗುಂಟೆಗಳ ಲೆಕ್ಕಕ್ಕೆ ಇಳಿದಿರುವಾಗ, ಎಲೆಚುಕ್ಕಿ ರೋಗ ಅಡಿಕೆಯ ಸೋಗೆಯನ್ನು ಒಣಗಿಸುತ್ತಿರುವಾಗ, ಊರಿನಲ್ಲೇ ಉಳಿದು ನಾಲ್ಕು ಕಾಸು ಸಂಪಾದಿಸಬೇಕೆಂಬ ಹಂಬಲ ಗೌರವಕ್ಕೆ ಅರ್ಹವಾದದ್ದು. ಆದರೆ ಊರಿನ ಹಳ್ಳದ ನೀರನ್ನೇ ಬಂಡವಾಳವಾಗಿ ಹೂಡುವ ಕಸುಬು ಕೇವಲ ಇಬ್ಬರ ನಡುವಿನ ವ್ಯವಹಾರವಾಗಿ ಉಳಿಯಲಾರದು. ಮನೆಯ ಯಜಮಾನ ಹಣ ಕೊಟ್ಟ, ತೊಳೆಯುವವನು ಹಣ ಪಡೆದ; ಅಷ್ಟಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಹಳ್ಳದ ಕೆಳಗಿನ ಮನೆಯವರು ಆ ಲೆಕ್ಕದ ಮೂರನೆಯ ಪಾಲುದಾರರು. ಅವರನ್ನು ಯಾರೂ ಕೇಳಿಲ್ಲ.

ಎಲ್ಲಿಂದ ಬಂದ ಕಸುಬು

ಈ ಉಪಕಸುಬಿನ ಮಾದರಿ ಬೆಳೆದದ್ದು ಅಮೆರಿಕದ ನಗರಗಳ ಹೊರವಲಯದ ಬಡಾವಣೆಗಳಲ್ಲಿ. ಕಾಂಕ್ರೀಟಿನ ಕಾರುದಾರಿ, ಪ್ಲಾಸ್ಟಿಕ್ ಹೊದಿಕೆಯ ಗೋಡೆ, ಮನೆಬಾಗಿಲಿಗೆ ನಳದ ನೀರು, ರಸ್ತೆಯ ಅಂಚಿನಲ್ಲಿ ಚರಂಡಿ: ಅಲ್ಲಿನ ಮನೆಗಳ ರೀತಿ ಅದು. ಶನಿವಾರ ಭಾನುವಾರಗಳಲ್ಲಿ ಯಂತ್ರ ಹಿಡಿದು ಸಂಪಾದಿಸುವವರ ವಿಡಿಯೊಗಳು ಮೊಬೈಲಿನ ಮೂಲಕ ಇಲ್ಲಿಗೂ ತಲುಪಿವೆ. ಕಪ್ಪು ನೆಲದ ಮೇಲೆ ಬಿಳಿಯ ಪಟ್ಟೆ ಮೂಡುವುದನ್ನು ನೋಡಲು ಕಣ್ಣಿಗೆ ಹಿತವೇ. ಆದರೆ ಆ ಕೊಳೆನೀರು ಚರಂಡಿಯ ಮೂಲಕ ಹೊಳೆ ಸೇರಬಾರದೆಂಬ ಕಟ್ಟಳೆ ಅದೇ ದೇಶದಲ್ಲಿ ಇರುವುದನ್ನು ಹೇಳುವವರು ಕಡಿಮೆ. 1972ರ ಶುದ್ಧ ನೀರಿನ ಕಾಯಿದೆಯಡಿ, ರಾಸಾಯನಿಕ ಬೆರೆತ ತೊಳೆನೀರನ್ನು ಪರವಾನಗಿಯಿಲ್ಲದೆ ಹೊಳೆ ಸೇರುವ ಮಳೆಚರಂಡಿಗೆ ಬಿಡುವುದು ಅಲ್ಲಿ ಅಪರಾಧ. ಯಂತ್ರ ಇಲ್ಲಿಗೆ ಬಂತು, ಅದರ ಬೆನ್ನಿಗಿದ್ದ ಕಟ್ಟಳೆ ಬರಲಿಲ್ಲ.

ಇಲ್ಲಿ ಕಾಯಿದೆಯೇ ಇಲ್ಲವೆಂದಲ್ಲ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯ 24ನೆಯ ಕಲಂ ಹೊಳೆ, ಹಳ್ಳ, ಬಾವಿಗಳಿಗೆ ವಿಷಕಾರಿ ವಸ್ತುಗಳನ್ನು ಸೇರಿಸುವುದನ್ನು ನಿಷೇಧಿಸುತ್ತದೆ. ಕಾಯಿದೆ ಪುಸ್ತಕದಲ್ಲಿದೆ, ಹಳ್ಳ ಊರಿನಲ್ಲಿದೆ.

ನೀರಿನ ಲೆಕ್ಕ

ಯಂತ್ರದ ಪರ ವಾದಿಸುವವರು ಮೊದಲು ಮುಂದಿಡುವುದು ನೀರಿನ ಉಳಿತಾಯದ ಮಾತು. ಬರೀ ಪೈಪಿನಿಂದ ತೊಳೆಯುವುದಕ್ಕಿಂತ ಒತ್ತಡದ ಯಂತ್ರಕ್ಕೆ ನಿಮಿಷಕ್ಕೆ ಬೇಕಾಗುವ ನೀರು ಕಡಿಮೆ ಎನ್ನುತ್ತಾರೆ. ಮಾತು ನಿಜ, ಹೋಲಿಕೆ ಸುಳ್ಳು. ಮಲೆನಾಡಿನ ಮನೆಗಳಲ್ಲಿ ಹೆಂಚನ್ನಾಗಲಿ ಕಂಪೌಂಡು ಗೋಡೆಯನ್ನಾಗಲಿ ಪೈಪು ಹಿಡಿದು ಗಂಟೆಗಟ್ಟಲೆ ತೊಳೆಯುವ ಪದ್ಧತಿ ಇರಲಿಲ್ಲ. ಅಂಗಳಕ್ಕೆ ಹಿಡಿ ಇತ್ತು, ಸೆಗಣಿ ಇತ್ತು, ಮಾಡನ್ನು ತೊಳೆಯಲು ಮಳೆ ಇತ್ತು. ಇಲ್ಲದ ಖರ್ಚನ್ನು ಹುಟ್ಟಿಸಿ, ಅದರಲ್ಲಿ ಉಳಿತಾಯವಾಯಿತೆಂದು ಹೇಳುವುದು ಯಾವ ನ್ಯಾಯ?

ಲೆಕ್ಕ ಹಾಕಿ ನೋಡಬಹುದು. ಸಣ್ಣ ಯಂತ್ರವೊಂದು ನಿಮಿಷಕ್ಕೆ ಸುಮಾರು 8 ಲೀಟರ್ ನೀರನ್ನು ಕುಡಿಯುತ್ತದೆ ಎಂದಿಟ್ಟುಕೊಂಡರೂ ಗಂಟೆಗೆ 480 ಲೀಟರ್, ದಿನಕ್ಕೆ ಐದು ಗಂಟೆಯ ಕೆಲಸಕ್ಕೆ 2,400 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣ ಪ್ರದೇಶದ ಒಬ್ಬರಿಗೆ ದಿನಕ್ಕೆ ಗೊತ್ತುಪಡಿಸಿದ ಪ್ರಮಾಣ 55 ಲೀಟರ್. ಅಂದರೆ ಒಂದು ದಿನದ ತೊಳೆತಕ್ಕೆ 43 ಜನರ ಒಂದು ದಿನದ ನೀರು.

ಇದು ಶ್ರಾವಣದಲ್ಲಿ ಖರ್ಚಾದರೆ ಯಾರಿಗೂ ನಷ್ಟವಿಲ್ಲ. ಆದರೆ ತೊಳೆಸುವವರ ಬೇಡಿಕೆ ಹೆಚ್ಚುವುದು ಮದುವೆ, ಗೃಹಪ್ರವೇಶ, ಜಾತ್ರೆಗಳ ಕಾಲದಲ್ಲಿ. ಹೋಂಸ್ಟೇಗಳಿಗೆ ಪ್ರವಾಸಿಗರು ಬರುವ ಬೇಸಗೆಯ ರಜೆಯಲ್ಲಿ. ಶಿವರಾತ್ರಿ ಕಳೆದ ಮೇಲೆ ಒರತೆಗಳು ಬತ್ತುತ್ತವೆ, ಅಬ್ಬಿ ನೀರಿನ ದಾರ ಸಣ್ಣದಾಗುತ್ತದೆ, ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಜೋಡಿಸಬೇಕಾಗುತ್ತದೆ. ಅದೇ ದಿನಗಳಲ್ಲಿ ಯಂತ್ರದ ಸದ್ದೂ ಏರುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಹೊಳೆಗಳ ತವರಿನಲ್ಲಿ ಕುಡಿಯುವ ನೀರಿನಿಂದ ಕಂಪೌಂಡು ತೊಳೆದರೆ ಕೇಳುವವರಿಲ್ಲ. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂಬ ಗಾದೆ ಹುಟ್ಟಿದ್ದು ಹೊಳೆಯಲ್ಲಿ ನೀರಿದ್ದ ಕಾಲದಲ್ಲಿ.

ಬಣ್ಣವಿಲ್ಲದ ವಿಷ

ಬರೀ ನೀರಿನ ಒತ್ತಡಕ್ಕೆ ಹಳೆಯ ಪಾಚಿ, ಕಲ್ಲುಹೂವುಗಳು ಸುಲಭವಾಗಿ ಬಿಡುವುದಿಲ್ಲ. ಆಗ ಬ್ಲೀಚಿಂಗ್ ದ್ರಾವಣ ಬರುತ್ತದೆ, ಆ್ಯಸಿಡ್ ಬರುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೇ ತಾನೇ, ಅದರಿಂದೇನು ತೊಂದರೆ ಎಂಬ ಪ್ರಶ್ನೆಯೂ ಬರುತ್ತದೆ. ತೊಂದರೆ ಪ್ರಮಾಣದಲ್ಲಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಆದರೆ ಸಿಹಿನೀರಿನ ಜಲಚರಗಳ ರಕ್ಷಣೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಕಿದ ಮಿತಿ, ಅಲ್ಪಕಾಲದ ಸಂಪರ್ಕಕ್ಕೂ, ಲೀಟರಿಗೆ 0.019 ಮಿಲಿಗ್ರಾಂ. ಮನುಷ್ಯ ನಿಶ್ಚಿಂತೆಯಿಂದ ಕುಡಿಯುವ ನೀರು ಮೀನುಮರಿಗೆ ವಿಷವಾಗಬಲ್ಲದು. ಕಿವಿರಿನಿಂದ ಉಸಿರಾಡುವ ಜೀವಿಗೆ ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಶೇಕಡಾ 1ರಷ್ಟು ಕ್ಲೋರಿನ್ ಇರುವ ಒಂದು ಲೀಟರ್ ದ್ರಾವಣದಲ್ಲಿ 10,000 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ನೀರನ್ನು ಬೆರೆಸಿಯೇ ಅದನ್ನು ಆ ಮಿತಿಗೆ ಇಳಿಸಬೇಕಾದರೆ ಐದು ಲಕ್ಷ ಲೀಟರ್‌ಗೂ ಮಿಕ್ಕಿದ ನೀರು ಬೇಕು. ಮಣ್ಣು, ತರಗೆಲೆ, ಬಿಸಿಲು ಕ್ಲೋರಿನ್‌ನ ಬಹುಭಾಗವನ್ನು ನುಂಗುತ್ತವೆ ಎಂಬುದು ನಿಜ. ಆದುದರಿಂದಲೇ ತೊಳೆನೀರು ಮಣ್ಣಿನಲ್ಲಿ ಇಂಗುವುದಕ್ಕೂ, ಸಿಮೆಂಟಿನ ಅಂಗಳದಿಂದ ನೇರವಾಗಿ ಬಸಿಗಾಲುವೆಗೆ ಇಳಿಯುವುದಕ್ಕೂ ಅಜಗಜಾಂತರ. ಇಳಿಜಾರಿನ ಊರುಗಳಲ್ಲಿ ಅಂಗಳದಿಂದ ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇರುವ ದೂರ ಎಷ್ಟೆಂಬುದನ್ನು ಪ್ರತಿಯೊಂದು ಮನೆಯವರೂ ಬಲ್ಲರು. ಬೇಸಗೆಯ ಹಳ್ಳದ ಗುಂಡಿಯೊಂದರಲ್ಲಿ ಉಳಿದ ಮೀನು, ಏಡಿ, ಗೊದಮೊಟ್ಟೆಗಳೇ ಮುಂದಿನ ಮಳೆಗಾಲದ ಬೀಜ ಎಂಬುದನ್ನು ಮರೆಯುವಂತಿಲ್ಲ.

ಇನ್ನು ಕೆಲವರು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರನ್ನೇ ತೊಳೆಯಲೂ ಬಳಸುತ್ತಾರೆ. ಡ್ರಮ್ಮಿನ ತಳದಲ್ಲಿ ಉಳಿದ ಮೈಲುತುತ್ತ ಆ ನೀರಿನೊಂದಿಗೆ ಹೊರಬರುತ್ತದೆ. ಕೊಳೆರೋಗದ ಶಿಲೀಂಧ್ರವನ್ನು ತಡೆಯುವ ತಾಮ್ರ ಮೀನಿಗೂ ಕರುಣೆ ತೋರುವುದಿಲ್ಲ.

ತೊಳೆದಷ್ಟೂ ಕೊಳೆ

ಮನೆಗಾದರೂ ಒಳಿತಾಯಿತೇ? ಶಿವಮೊಗ್ಗದ ಕಡೆ ಜಂಬಿಟ್ಟಿಗೆ, ಕರಾವಳಿಯಲ್ಲಿ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೆಕಲ್ಲು ಎನಿಸಿಕೊಳ್ಳುವ ಕಲ್ಲು ಗ್ರಾನೈಟಿನಂತೆ ಗಟ್ಟಿಯಲ್ಲ. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ಮೇಲ್ಮೈ ಗಡುಸಾಗುವುದೇ ಅದರ ಗುಣ. ನೂರು ಬಾರ್ ಒತ್ತಡದ ಜೆಟ್ ಆ ಗಡುಸಾದ ಪದರವನ್ನೇ ಕೆತ್ತಿಹಾಕುತ್ತದೆ. ಒಳಗಿನ ಮೆದು ಭಾಗ, ಸಂದಿನ ಗಾರೆ ಎರಡೂ ಮಳೆಗೆ ತೆರೆದುಕೊಳ್ಳುತ್ತವೆ. ಆ್ಯಸಿಡ್ ಸುರಿದರೆ ಸುಣ್ಣದ ಗಾರೆ ಕರಗುತ್ತದೆ, ಸಿಮೆಂಟಿನ ಮೈ ತರಿಯಾಗುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದಿಂದ ಮನೆಮನೆಗೆ ಹರಡಿದ ಮಂಗಳೂರು ಹೆಂಚು ಮೇಲಿನಿಂದ ಕೆಳಗೆ ಹರಿಯುವ ಮಳೆನೀರಿಗೆಂದು ರೂಪಿಸಿದ್ದು. ಅಡಿಯಿಂದ ಮೇಲಕ್ಕೆ ಹೊಡೆಯುವ ಜೆಟ್‌ಗಾಗಿ ಅಲ್ಲ. ಅದರ ಸುಟ್ಟ ಮೈ ಸವೆದಂತೆ ಹೆಂಚು ಹೆಚ್ಚು ನೀರು ಹೀರುತ್ತದೆ.

ತರಿಯಾದ, ನೀರು ಹೀರುವ ಮೇಲ್ಮೈಗಿಂತ ಪಾಚಿಗೆ ಬೇಕಾದ ನೆಲೆ ಬೇರೆ ಯಾವುದಿದೆ? ತೊಳೆದ ಗೋಡೆಯಲ್ಲಿ ಪಾಚಿ ಬೇಗ ಮರಳುತ್ತದೆ, ತೊಳೆಯುವವನಿಗೆ ಮತ್ತೆ ಕರೆ ಹೋಗುತ್ತದೆ. ವ್ಯಾಪಾರಕ್ಕೆ ಇದು ಲಾಭ. ಮನೆಗೆ, ಹಳ್ಳಕ್ಕೆ ನಷ್ಟ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಹರಡುವ ಕಲ್ಲುಹೂವು ಗೋಡೆಯ ಮೇಲಿದೆಯೆಂದರೆ ಅಲ್ಲಿನ ಗಾಳಿ ಇನ್ನೂ ಕೆಟ್ಟಿಲ್ಲವೆಂದು ಅರ್ಥ. ಅದನ್ನು ಕೊಳೆ ಎಂದು ಕರೆಯಲು ಕಲಿಸಿದವರು ಯಾರು?

ತೊಳೆಯುವವನ ಮೈ

ಈ ಕಸುಬಿನ ಅಪಾಯಗಳನ್ನು ಯಂತ್ರ ಮಾರುವವರು ವಿವರಿಸುವುದಿಲ್ಲ. ಅತಿ ಒತ್ತಡದ ಜೆಟ್ ಬೂಟನ್ನೂ ಚರ್ಮವನ್ನೂ ಸೀಳಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೊಳೆನೀರು ಹೊಕ್ಕು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬ್ಲೀಚಿಂಗ್ ಹಾಕಿದ ನೆಲಕ್ಕೆ ಆ್ಯಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ; ಅದು ಶ್ವಾಸಕೋಶವನ್ನು ಸುಡುವ ವಿಷಾನಿಲ. ಕೊಟ್ಟಿಗೆ, ಅಡಿಕೆ ಮನೆಗಳ ಮಾಡಿಗೆ ಹೊದಿಸಿದ ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದನ್ನು ಜೆಟ್ ಹಿಡಿದು ತೊಳೆದರೆ ಎಳೆಗಳು ಬಿಡಿಸಿಕೊಂಡು, ಒಣಗಿದ ಮೇಲೆ ಉಸಿರಿನೊಂದಿಗೆ ಒಳಹೋಗುತ್ತವೆ. ಅದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ದಶಕಗಳೇ ಹಿಡಿಯುತ್ತವೆ. ಅಂತಹ ಮಾಡನ್ನು ಯಾವ ಕಾರಣಕ್ಕೂ ಒತ್ತಡದ ನೀರಿನಿಂದ ತೊಳೆಯಕೂಡದು. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಾಲ ಸಿಗುತ್ತದೆ. ಆ ಸಾಲದೊಂದಿಗೆ ಈ ಎಚ್ಚರಿಕೆಯನ್ನು ಯಾರು ಕೊಡುತ್ತಾರೆ?

ಕೇಳಬೇಕಾದ ವಾದ

ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ಪರಿಸರದ ಹೆಸರಿನಲ್ಲಿ ಪಾಚಿ ಬೆಳೆಸಬೇಕೇ ಎಂಬ ಆಕ್ಷೇಪವಿದೆ. ನ್ಯಾಯವಾದ ಆಕ್ಷೇಪವಿದು. ಓಡಾಡುವ ದಾರಿಯ ಪಾಚಿಯನ್ನು ತೆಗೆಯಲೇಬೇಕು. ಅದಕ್ಕೆ ಗಟ್ಟಿ ಹಿಡಿ, ತಂತಿ ಬ್ರಷ್ಷು, ಎರಡು ಕೊಡ ನೀರು ಸಾಕು. ಮಳೆಗೆ ಮೊದಲೇ ಅಂಗಳಕ್ಕೆ ಸೋಗೆ ಹಾಸುವ, ನಡೆಯುವಲ್ಲಿ ಅಡಿಕೆ ದಬ್ಬೆ ಜೋಡಿಸುವ ಪದ್ಧತಿ ಇದೇ ಉದ್ದೇಶದ್ದು. ದಾರಿಯ ಪಾಚಿ ತೆಗೆಯುವುದಕ್ಕೂ, ಪ್ರವಾಸಿಯ ಕಣ್ಣಿಗಾಗಿ ಇಡೀ ಕಂಪೌಂಡನ್ನು ಬಿಳಿಚಿಸುವುದಕ್ಕೂ ವ್ಯತ್ಯಾಸವಿದೆ.

ದೊಡ್ಡ ರೆಸಾರ್ಟುಗಳನ್ನು ಬಿಟ್ಟು ಬಡ ಹುಡುಗನನ್ನು ಹಿಡಿಯುವುದೇಕೆ ಎಂಬುದು ಇನ್ನೊಂದು ಮಾತು. ರೆಸಾರ್ಟುಗಳನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಕಟ್ಟುಪಾಡು ಬಂದರೆ ಮೊದಲು ತಟ್ಟಬೇಕಾದದ್ದು ತೊಳೆಸುವವರಿಗೆ. ಹಣ ಕೊಡುವವರು ಅವರು, ನೀರು ಹರಿಸುವ ನೆಲವೂ ಅವರದೇ.

ಆಗಬೇಕಾದದ್ದು

ಕಸುಬು ಬೇಡವೆಂದು ಬಾಗಿಲು ಹಾಕುವ ಬದಲು ಅದಕ್ಕೆ ಮಲೆನಾಡಿನ ಕಟ್ಟಳೆಯನ್ನು ಹಾಕಬೇಕು. ಶಿವರಾತ್ರಿಯಿಂದ ಮುಂಗಾರು ಹಿಡಿಯುವವರೆಗೆ ಬಾವಿ, ಹಳ್ಳ, ನಳದ ನೀರಿನಿಂದ ಯಂತ್ರ ನಡೆಸಕೂಡದು. ಕೆಲಸಕ್ಕೆ ಮಾಡಿನಿಂದ ಸಂಗ್ರಹಿಸಿದ ಮಳೆನೀರೇ ಆಗಬೇಕು. ನೂರು ಚದರ ಮೀಟರಿನ ಮಾಡಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾದದ್ದನ್ನು ಕಳೆದರೂ 2,000 ಲೀಟರ್ ಸಿಗುತ್ತದೆ. ಹೆಚ್ಚುಕಡಿಮೆ ಒಂದು ದಿನದ ಕೆಲಸಕ್ಕೆ ಸಾಕಾಗುವಷ್ಟು. ನವರಾತ್ರಿ, ದೀಪಾವಳಿಯ ಹೊತ್ತಿಗೆ ಹಾರುವ ಮಳೆ ಇರುವಾಗಲೇ ತೊಳೆತ ಮುಗಿಯಲಿ. ಬ್ಲೀಚಿಂಗ್ ದ್ರಾವಣ, ಆ್ಯಸಿಡ್‌ಗಳಿಗೆ ಅವಕಾಶವಿರಬಾರದು. ತೊಳೆನೀರು ಹಳ್ಳಕ್ಕೆ ಇಳಿಯುವ ಮೊದಲು ಇಂಗುಗುಂಡಿಯೊಂದಕ್ಕೆ ಇಳಿಯಬೇಕು. ಆ ಗುಂಡಿ ತೋಡುವ ಖರ್ಚು ತೊಳೆಸುವವರದು. ಗುಂಡಿ ತೋಡುವುದು, ಮಳೆನೀರಿನ ತೊಟ್ಟಿ ಕೂರಿಸುವುದು ಕೂಡ ಸಂಪಾದನೆಯ ಕಸುಬೇ. ಯಂತ್ರಕ್ಕೆ ಸಾಲ ಮಾಡುವ ಯುವಕ ಅದನ್ನೂ ಕಲಿತರೆ ಊರಿನ ನೀರು ಕಳೆಯುವವನಾಗದೆ ಕೂಡಿಡುವವನಾಗುತ್ತಾನೆ.

ಇದಕ್ಕೆ ರಾಜಧಾನಿಯ ಆದೇಶಕ್ಕಾಗಿ ಕಾಯಬೇಕಿಲ್ಲ. ಗ್ರಾಮಸಭೆಯಿದೆ, 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದೆ. ಮಾಘ ಮಾಸದೊಳಗೆ ಗ್ರಾಮಸಭೆಯಲ್ಲಿ ಈ ಕಟ್ಟಳೆ ಠರಾವಾಗಲಿ. ವಿದ್ಯಾರ್ಥಿಗಳು ಈಗಿನಿಂದಲೇ ವಾರಕ್ಕೊಮ್ಮೆ ಊರಿನ ಅಬ್ಬಿಯ ಕೆಳಗೆ ಕೊಡ ಹಿಡಿದು ಅದು ತುಂಬಲು ಎಷ್ಟು ಸೆಕೆಂಡು ಬೇಕೆಂದು ಬರೆದಿಡಲಿ. ಆ ಅಂಕಿಗಳ ಪಟ್ಟಿ ಸಭೆಯ ಮುಂದೆ ಬಂದರೆ ವಾದ ಮಾಡುವ ಅಗತ್ಯ ಅರ್ಧ ಕಡಿಮೆಯಾಗುತ್ತದೆ. ಯಂತ್ರ ತರಿಸುವ ಪ್ರತಿಯೊಬ್ಬ ಯಜಮಾನನೂ ದರ ಕೇಳುವ ಮೊದಲು ತನ್ನ ಅಂಗಳದ ಕೊನೆಯಲ್ಲಿ ನಿಂತು, ನೀರು ಯಾವ ಕಡೆಗೆ ಇಳಿಯುತ್ತದೆ, ಅದರ ಕೆಳಗೆ ಯಾರ ಬಾವಿಯಿದೆ ಎಂಬುದನ್ನು ನೋಡಬೇಕು. ಬಾವಿಯವರನ್ನು ಕೇಳದೆ ಯಂತ್ರ ಚಾಲೂ ಆಗಬಾರದು.