ಬಟ್ಟೆಯ ಹಲ್ಲು ನೋಡಿದವರುಂಟೆ?

ಹೇಮಗಿರಿಯ ದನಗಳ ಜಾತ್ರೆಗೆ ಬಂದ ರೈತನು ಎತ್ತನ್ನು ಕೊಳ್ಳುವ ಮುನ್ನ ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ರೈತನು ಜವಳಿಯಂಗಡಿಯಲ್ಲಿ ನೋಡುವುದು ಬಣ್ಣ ಮತ್ತು ಬೆಲೆ ಎರಡನ್ನೇ. ಬಟ್ಟೆಯಲ್ಲಿ ಅರಳೆಯೆಷ್ಟು, ರಾಸಾಯನಿಕ ಎಳೆಯೆಷ್ಟು ಎಂದು ವಿಚಾರಿಸುವವರು ವಿರಳ.

ಪಾಲಿಯೆಸ್ಟರ್ ಎಳೆಯನ್ನು ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್‌ಸನ್ ಎಂಬ ವಿಜ್ಞಾನಿಗಳು 1941ರಲ್ಲಿ ಕಂಡುಹಿಡಿದರು. ಅದನ್ನು ಹತ್ತಿಯೊಡನೆ ಬೆರೆಸಿ ನೂತುದೇ ಟೆರಿಕಾಟ್. 67 ಪಾಲು ಪಾಲಿಯೆಸ್ಟರ್, 33 ಪಾಲು ಹತ್ತಿ ಎಂಬುದು ಅದರ ರೂಢಿಯ ಅಳತೆ. ಈ ಬಟ್ಟೆ ಸುಕ್ಕುಗಟ್ಟದು, ಬೇಗನೆ ಒಣಗುವುದು, ಬಹುಕಾಲ ಬಾಳುವುದು. ಬಡವನ ಮನೆಗೆ ಇದು ಅಲ್ಪ ಉಪಕಾರವಲ್ಲ.

ಆದರೆ ಉಪಕಾರಕ್ಕೆ ಇನ್ನೊಂದು ಮುಖವೂ ಉಂಟು. ಹತ್ತಿಯು ತನ್ನ ತೂಕದ ನೂರಕ್ಕೆ ಸುಮಾರು ಎಂಟು ಪಾಲು ತೇವವನ್ನು ಸಹಜವಾಗಿ ಹಿಡಿದಿರುತ್ತದೆ. ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹಿಡಿಯದು. ಗದ್ದೆಯಲ್ಲಿ ಬೆವರುವವನ ಮೈ ಈ ಅಂತರವನ್ನು ಬಲ್ಲದು.

ನೇಯುವವನ ಪಾಡು ಇದಕ್ಕಿಂತ ಗಹನವಾದುದು. 1985ರ ಜವಳಿ ನೀತಿಯು ಕೃತಕ ಎಳೆಗಳ ಮೇಲಿನ ಸುಂಕವನ್ನು ಇಳಿಸಿ, ಗಿರಣಿಗಳಿಗೆ ಬೆರಕೆಯ ಸ್ವಾತಂತ್ರ್ಯವಿತ್ತಿತು. ಅದೇ ವರ್ಷ ಇನ್ನೊಂದು ಶಾಸನವು ಕೆಲವು ಬಗೆಯ ಸೀರೆ, ಪಂಚೆ, ಲುಂಗಿಗಳನ್ನು ಕೈಮಗ್ಗಕ್ಕೆಂದೇ ಕಾಯ್ದಿರಿಸಿತು. ಒಂದು ಕೈ ಬಾಗಿಲು ತೆರೆಯಿತು, ಇನ್ನೊಂದು ಕೈ ಅಗುಳಿ ಹಾಕಿತು. ಈ ಶಾಸನವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದುದು 1993ರಲ್ಲಿ. ಮೊದಲು 22 ಇದ್ದ ಮೀಸಲು ವಸ್ತುಗಳು ಮುಂದೆ 11ಕ್ಕೆ ಇಳಿದವು.

ಬಾವುಟದ ಬಟ್ಟೆಗೂ ಈ ಸರದಿ ತಪ್ಪಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರವು ರಾಷ್ಟ್ರಧ್ವಜ ತಯಾರಿಕೆಗೆ ನಾಡಿನಲ್ಲೆಲ್ಲ ಹೆಸರಾದುದು. 2021ರ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿಯಿತ್ತಿತು. ಚರಕದ ನೂಲು ಅಂದಿನಿಂದ ಯಂತ್ರದ ಅಗ್ಗದ ಬೆಲೆಯೊಡನೆ ಸೆಣಸಬೇಕಾಯಿತು.

ಬೆರಕೆಯನ್ನು ನಿಷೇಧಿಸಿ ಮಗ್ಗವನ್ನು ಉಳಿಸಲಾಗದು. ಆದರೆ ಕೊಳ್ಳುವವನು ತಿಳಿದು ಕೊಂಡರೆ ಮೇಲುಕೋಟೆ, ಕೊಡಿಯಾಲಗಳ ನೇಕಾರನಿಗೆ ನ್ಯಾಯವಾದ ಪೈಪೋಟಿಯಾದರೂ ದೊರೆತೀತು. ಬಟ್ಟೆಯ ಹಲ್ಲು ನೋಡುವುದಕ್ಕೂ ಉಪಾಯವೊಂದುಂಟು. ಅಂಚಿನಿಂದ ಒಂದೆಳೆ ಕಿತ್ತು, ಎಚ್ಚರದಿಂದ ಕಿಡಿ ತಾಗಿಸಬೇಕು. ಹತ್ತಿಯಾದರೆ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬೂದಿಯೊಳಗೆ ಮಣಿ ಸಿಕ್ಕಿದರೆ ಅದು ಬೆರಕೆ.