ಓದೂದು ಕೆಲಸಿಲ್ಲದಾಕಿ ಕೆಲಸ ಅಲ್ಲ



2025ರಾಗ ನಾ ಆರು ಪುಸ್ತಕಾ ಓದೀನಿ. ಆರಂದ್ರ ಆರ. ದೊಡ್ಡ ಊರಾಗಿನ ಮಂದಿ ವರ್ಷಕ್ಕ ಐವತ್ತ ಓದೀನಿ, ನೂರ ಓದೀನಿ ಅಂತ ಹೇಳಕೋತಾರ. ಓದ್ಲಿ, ಅವರಿಗೆ ಒಳ್ಳೇದಾಗ್ಲಿ. ನನ್ನ ತಕರಾರು ಅವರ ಮ್ಯಾಲ ಅಲ್ಲ, ಒಂದ ಮಾತಿನ ಮ್ಯಾಲ. ಈ ಆರು ಪುಸ್ತಕಾ ಮುಗಿಯೂದ್ರಾಗ ಆ ಮಾತು ನನ್ನ ಕಿವಿಗೆ ಅರವತ್ತ ಸಲ ಬಿದ್ದೈತಿ: "ಏನವಾ, ಕೆಲಸ ಇಲ್ಲೇನ? ಪುಸ್ತಕ ಹಿಡಕೊಂಡ ಕುಂತೀಯಲ್ಲ!"

ಈ ಮಾತು ಅನ್ನೂವರು ಕೆಟ್ಟವರೇನಲ್ಲ. ಬಾಜೂ ಮನಿಯವರು, ಬೀಗರು, ನಮ್ಮ ಕೈಲೆ ಚಾ ಕುಡದ ಹೋಗೂ ಮಂದಿ. ಅದಕ್ಕ ಸಿಟ್ಟಿಲೆ ಉತ್ತರಾ ಕೊಡೂದಿಲ್ಲ, ಲೆಕ್ಕಾ ಹಾಕಿ ಕೊಡ್ತೀನಿ.

ಮುಂಜಾನೆ ಎದ್ದ ನೋಡ್ರಿ. ಗಂಡಸು ಕಟ್ಟಿ ಮ್ಯಾಲ ಕುಂತ ಪೇಪರ್ ಓದಿದ್ರ ಅಂವ ಶ್ಯಾಣ್ಯಾ, ಲೋಕಜ್ಞಾನ ಇದ್ದಾಂವ. ಅದ ಪೇಪರ್ ಮಧ್ಯಾಹ್ನ ಹೆಂಗಸು ಹೊಚ್ಚಲದಾಗ ಕುಂತ ಓದಿದ್ರ ಆಕಿ ಮೈಗಳ್ಳಿ. ಪೇಪರ್ ಅದ, ಅಕ್ಷರ ಅದ. ಓದೂ ಕಣ್ಣ ಬದಲಾದ ಕೂಡ್ಲೆ ಜ್ಞಾನ ಇದ್ದದ್ದು ಆಲಸ್ಯ ಹೆಂಗ ಆಗತೈತಿ? ಇದನ್ನ ಯಾರರ ನನಗ ತಿಳಿಸಿ ಹೇಳ್ಬೇಕು.

ಕೆಲಸದ ಲೆಕ್ಕ ಸರ್ಕಾರದವರ ಬಲ್ಲಿನೂ ಐತಿ. ದೇಶದ ಮಂದಿ ದಿನದ ಹೊತ್ತು ಹೆಂಗ ಕಳೀತಾರ ಅಂತ ಕೇಂದ್ರ ಸರ್ಕಾರ 2024ರಾಗ ಸಮೀಕ್ಷೆ ಮಾಡೈತಿ. ಅಡಗಿ, ಭಾಂಡೆ, ಕಸ, ಅರಬಿ ಇಂಥಾ ಪಗಾರ ಇಲ್ಲದ ಮನಿಗೆಲಸಕ್ಕ ಹೆಂಗಸರು ದಿನಕ್ಕ 289 ನಿಮಿಷ ಕೊಡ್ತಾರ, ಗಂಡಸರು 88 ನಿಮಿಷ. ಆ 88 ನಿಮಿಷನೂ ಮನಿಗೆಲಸ ಮಾಡೂ ಗಂಡಸರದ ಲೆಕ್ಕ. ಮಾಡದ ಇರೂವರು ಆ ಲೆಕ್ಕದಾಗನ ಇಲ್ಲ. 289 ನಿಮಿಷ ಅಂದ್ರ ಐದ ತಾಸಿಗೆ ಹನ್ನೊಂದ ನಿಮಿಷ ಕಮ್ಮಿ. ಇದರ ಮ್ಯಾಲ ನಮ್ಮ ಕಡೆ ಎಮ್ಮಿ ಹಿಂಡೂದು, ಡೇರಿಗೆ ಹಾಲ ಹಾಕೂದು, ಕಬ್ಬಿನ ಹೊಲಕ್ಕ ಬುತ್ತಿ ಒಯ್ಯೂದು ಬ್ಯಾರೆ. ಇಷ್ಟ ಮಾಡಿದಾಕಿ ಇಪ್ಪತ್ತ ನಿಮಿಷ ಪುಸ್ತಕಾ ಹಿಡದ್ರ "ಕೆಲಸ ಇಲ್ಲೇನ" ಅಂತ ಕೇಳೂದು ಯಾವ ನ್ಯಾಯ?

ನಾ ಓದೂದು ಇಪ್ಪತ್ತ ನಿಮಿಷದ ಓದ. ಕುಕ್ಕರ್ ಸೀಟಿ ಹೊಡಿಯೂತನಾ ಎರಡ ಪಾನ, ಮಧ್ಯಾಹ್ನ ಭಾಂಡೆ ತೊಳದ ಮ್ಯಾಲ ಹತ್ತ ಪಾನ. ಮಳಿಗಾಲದಾಗ ಹೊಳಿ ಏರಿ ಕಲ್ಲೋಳ–ಯಡೂರ ಸೇತುವೆ ಮುಳಗಿದಾಗ ಆ ಕಡೆ ಹೋಗೂದು ಬರೂದು ನಿಲ್ಲತೈತಿ, ಅಂಥಾ ದಿನಾ ಜರಾ ಜಾಸ್ತಿ. ಹಿಂಗ ಚೂರ ಚೂರ ಓದಿದ್ದು ಓದ ಅಲ್ಲ ಅನ್ನೂವರಿಗೆ ಒಂದ ಮಾತ ಕೇಳ್ತೀನಿ. ಒಂದೊಂದ ಭಾಕ್ರಿ ಬಡದ ಬುಟ್ಟಿ ತುಂಬಸೂದಿಲ್ಲೇನ್ರಿ ನಾವು?

ಇನ್ನೊಂದ ಮಾತ ಅಂತಾರ. "ದೇವರ ಪುಸ್ತಕಾ ಓದಿದ್ರ ಪುಣ್ಯಾನರ ಬರತೈತಿ, ಈ ಕಾದಂಬರಿ ಎಲ್ಲಾ ಸುಳ್ಳ ಕಥಿ." ದೇವರ ಪುಸ್ತಕಾ ನಾನೂ ಓದ್ತೀನಿ. ಶ್ರಾವಣದಾಗ ಪುರಾಣಕ್ಕ ನಾವ ಎಲ್ಲಾರೂ ಕೂಡೇ ಕುಂತೀವಲ್ಲ. ಆ ಪುರಾಣದಾಗ ಶರಣೇರ ಕಥಿ ಬಂದಾಗ ಆಯ್ದಕ್ಕಿ ಲಕ್ಕಮ್ಮನ್ನ ನೆನಸತಾರ. ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯಕೊಂಡ ಬಂದಾಗ, ಇದು ನಮಗ ಬ್ಯಾಡ, ಹೊಳ್ಳಿ ಸುರದ ಬಾ ಅಂತ ತಿಳಿವಳಿಕಿ ಹೇಳಿದಾಕಿ. 12ನೇ ಶತಮಾನದಾಗ ಅಕ್ಕಿ ಆಯೂ ಮನಿಯ ಹೆಣಮಗಳು ವಚನಾ ಹೇಳಿದಳು ಅಂದ್ರ ಕೈ ಮುಗೀತೀವಿ. ಇವತ್ತ ಅಕ್ಕಿ ಹಸನ ಮಾಡೂ ಹೆಣಮಗಳು ಪುಸ್ತಕಾ ತಗದ್ರ ಮೂಗ ಮುರೀತೀವಿ. ಯಾಕ?

ಕಾದಂಬರಿ ಸುಳ್ಳ ಅನ್ನೂವರಿಗೆ ನಾ ಓದಿದ ಪುಸ್ತಕದಿಂದನ ಹೇಳ್ತೀನಿ.

ಮೊದಲನೇದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರಾಗ ಬಂದ ಪುಸ್ತಕಾ. ಸಣ್ಣ ಹುಡಿಗಿ ಇದ್ದಾಗನ ಗಂಡ ತೀರಿ, ತಲಿ ಬೋಳಿಸಿಕೊಂಡ, ಒಪ್ಪತ್ತ ಉಂಡ, ಒಂದ ದೊಡ್ಡ ಮನಿಯ ಕೆಲಸದಾಗ ಇಡೀ ಆಯುಷ್ಯ ಕಳದಾಕಿ ಕಥಿ. ಇದು ಬರೇ ಕಟ್ಟಿದ ಕಥಿ ಅಲ್ಲ, ಲೇಖಕಿ ತಮ್ಮ ಮನೆತನದಾಗ ಇದ್ದಾಕಿನ್ನ ನೆನಸಿ ಬರದದ್ದು. ಮುಂದ ಆ ಮನೆತನದಾಗ ಇನ್ನೊಬ್ಬ ಹರೇದ ಹುಡಿಗಿ ವಿಧವೆ ಆಗ್ತಾಳ. ತಲಿ ಬೋಳಸಾಕ ಆಕಿ ಒಲ್ಲೆ ಅಂದಾಗ ಆಕಿ ಪರವಾಗಿ ನಿಲ್ಲಾಕಿ ಈ ಮುದಕಿ ಫಣಿಯಮ್ಮನ. ತಾ ಉಂಡ ನೋವ ಇನ್ನೊಬ್ಬಾಕಿಗೆ ಬ್ಯಾಡ ಅನ್ನೂದು. ನಮ್ಮಲ್ಲಿ ಬಾಳ ಮಂದಿ ಇದನ್ನ ತಿರವಿ ಹೇಳ್ತೀವಿ: "ನಮ್ಮ ಅತ್ತಿ ನನಗ ಹಂಗ ಮಾಡಿದ್ರು, ನೀನೂ ಸೋಸಕೋ." ಫಣಿಯಮ್ಮ ಓದಿದ ಮ್ಯಾಲ ಈ ಮಾತು ಬಾಯಾಗ ಬರೂ ಮುಂದ ನಾಲಿಗಿ ತಡೀತೈತಿ. ಸುಳ್ಳ ಕಥಿ ಇಷ್ಟ ಕೆಲಸಾ ಮಾಡತೈತೇನು?

ಇಂದಿರಾ ಅವರ ಜೀವನಾನೂ ತಿಳಕೊಳ್ರಿ. ತೀರ್ಥಹಳ್ಳಿಯವರು, 1917ರಾಗ ಹುಟ್ಟಿದವರು. ಸಾಲಿ ಕಲ್ತದ್ದು ಸ್ವಲ್ಪ, ಮದವಿ ಆದದ್ದು ಸಣ್ಣ ವಯಸ್ಸಿನ್ಯಾಗ. ಮೊದಲನೇ ಕಾದಂಬರಿ 'ತುಂಗಭದ್ರ' 1963ರಾಗ ಬಂತು, ಅಂದ್ರ ಅವರಿಗೆ ನಾಲ್ವತ್ತಾರ ವರ್ಷ ಆದ ಮ್ಯಾಲ. "ನಮ್ಮ ವಯಸ್ಸ ಆತು, ಇನ್ನೇನ ಓದೂದು" ಅನ್ನೂ ವೈನಿಗೋಳ ಇದನ್ನ ಎರಡ ಸಲ ಓದ್ರಿ. ಅವರು ಬರಿಯಾಕ ಸುರು ಮಾಡಿದ ವಯಸ್ಸಿನ್ಯಾಗ ನಾವು ಓದಾಕನ ಒಲ್ಲೆ ಅನ್ನೂದು ಚೆಂದಲ್ಲ.

ಎರಡನೇದು ತ್ರಿವೇಣಿಯವರ 'ಶರಪಂಜರ'. ಕಲ್ಪನಾ ಮಾಡಿದ ಸಿನೆಮಾ ನೀವೆಲ್ಲಾ ನೋಡೀರಿ. ಬಾಣಂತಿ ಆದ ಮ್ಯಾಲ ಕಾವೇರಿ ಮನಸ್ಸು ಕೆಡತೈತಿ. ದವಾಖಾನ್ಯಾಗ ಗುಣಾ ಆಗಿ ಮನಿಗೆ ಬರ್ತಾಳ, ಆದ್ರ ಮನಿಯವರ ಕಣ್ಣಾಗ ಆಕಿ ಹುಚ್ಚಿನ. ಆಕಿ ನಕ್ರ ಹುಚ್ಚ, ಅತ್ರ ಹುಚ್ಚ. ನಮ್ಮ ಓಣ್ಯಾಗ ಒಬ್ಬ ಬಾಣಂತಿ ಕೂಸಿಗೆ ಹಾಲ ಕುಡಸೂದ ಬಿಟ್ಟ, ಗ್ವಾಡಿ ಕಡೆ ಮಾರಿ ಮಾಡಿ ಕುಂದರತಿದ್ಲು. "ಗಾಳಿ ತಾಕೈತಿ, ದೇವರ ಕೇಳಸ್ರಿ" ಅಂದ್ರು ಹಿರಿಯಾರು. ದೇವರನ್ನ ಕೇಳ್ರಿ, ಬ್ಯಾಡ ಅನ್ನೂದಿಲ್ಲ, ದವಾಖಾನಿಗೂ ಇವತ್ತನ ಹೋಗ್ರಿ ಅಂತ ನಾ ಜಗಳಾ ತಗದ ಹೇಳಿದ್ಯಾ. ಹೋದ್ರು, ಗುಳಿಗಿ ಕೊಟ್ರು, ಈಗ ಆ ತಾಯಿ–ಕೂಸು ಆರಾಮ ಅದಾರ. ಅದು ರೋಗ, ಗಾಳಿ ಅಲ್ಲ ಅಂತ ಹೇಳೂ ಧೈರ್ಯಾ ನನಗ ಎಲ್ಲಿಂದ ಬಂತು? ನಾ ನರ್ಸ್ ಅಲ್ಲ, ಡಾಕ್ಟರ್ ಅಲ್ಲ, ಪಿಯುಸಿ ಮುಗಿಸಿ ಮದವಿ ಆದಾಕಿ. ಆ ಧೈರ್ಯಾ ಕೊಟ್ಟದ್ದು ಈ ಪುಸ್ತಕಾ. ಇದನ್ನ ಓದೂವರು ಇನ್ನೊಂದ ಬರದ ಇಟ್ಕೊಳ್ರಿ. ಮನಸ್ಸಿನ ತ್ರಾಸಿಗೆ ಸರ್ಕಾರದ್ದ ಫೋನ್ ನಂಬರ್ 14416, ಟೆಲಿ ಮಾನಸ್ ಅಂತಾರ, ರೊಕ್ಕಾ ಹತ್ತೂದಿಲ್ಲ.

ಮೂರನೇದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಕಾಸರಗೋಡ ಕಡೆಯವರು ಅವರು. ಅಪ್ಪನ ಹಟಕ್ಕ, ತಲಾಕಿನ ಕಟ್ಟಳೆಗೆ ಸಿಕ್ಕ ನಾದಿರಾ ಬಾಳೇ ಹಾಳಾಗೂ ಕಥಿ. ಹೊಳಿ ದಂಡಿ ಮ್ಯಾಲ ಇರೂ ನಮಗ ಆ ಕಥಿ ಓದಿ ಹೊಳಿ ಕಡೆ ನೋಡಾಕನ ಸಂಕಟ ಆಗತೈತಿ. ನಮ್ಮ ಜಾತ್ಯಾಗ ತಲಾಕ ಇಲ್ಲ ಅಂತ ನಾವು ಎದಿ ಉಬ್ಬಸೂದ ಬ್ಯಾಡ. ಅಪ್ಪನ ಹಟಾ, ಗಂಡನ ಹಟಾ, ನಡಕ ಹೆಣಮಗಳು, ಇದು ಯಾವ ಜಾತ್ಯಾಗ ಇಲ್ಲ ಹೇಳ್ರಿ?

ನಾಕನೇದು ಬಾನು ಮುಷ್ತಾಕ್ ಅವರ ಕಥೆಗಳು. 2025ರ ಮೇ 20ಕ್ಕ ಲಂಡನ್ನಿನ್ಯಾಗ ಇವರ ಕಥಿಗಳ ಇಂಗ್ಲಿಷ್ ಪುಸ್ತಕಕ್ಕ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಇಂಗ್ಲಿಷಿಗೆ ಮಾಡಿದವರು ದೀಪಾ ಭಾಸ್ತಿ, ಅವರೂ ಹೆಣಮಗಳ. ಕನ್ನಡದ ಪುಸ್ತಕಕ್ಕ ಈ ಬಹುಮಾನ ಬಂದದ್ದು ಇದ ಮೊದಲ. ಜಗತ್ತನ ಹೊಗಳಿದ ಆ ಕಥಿಯೊಳಗ ಏನೈತಿ ಅಂತ ತಗದ ನೋಡಿದ್ರ ಬಾಣಂತನ, ಹಿರೇ ಮಗಳ ಮ್ಯಾಲ ಬೀಳೂ ಮನಿಗೆಲಸ, ಗಂಡ ಬಿಟ್ಟಾನಂತ ತವರಿಗೆ ಬಂದಾಕಿನ್ನ ಹೊಳ್ಳಿ ಕರಕೊಂಡ ಹೋಗಿ ಬಿಟ್ಟ ಬರೂ ಅಣ್ಣತಮ್ಮಂದಿರು. ನಮ್ಮ ಅಡಗಿ ಮನ್ಯಾಗ ದಿನಾ ನಡಿಯೂದ ಅದು. ನಾವು ಪಿಸುಗುಟ್ಟೂ ಮಾತಿಗೆ ಲಂಡನ್ನಿನ್ಯಾಗ ಚಪ್ಪಾಳಿ ಬಿತ್ತು, ನಮ್ಮ ಮನ್ಯಾಗ ಅದನ್ನ ಓದಾಕ ಹೊತ್ತಿಲ್ಲ.

ಉಳದ ಎರಡು ನಮ್ಮ ಭಾಷಾದ ಸುಖಕ್ಕ ಓದಿದ್ದು. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ', ಕಲಬುರ್ಗಿ ಕಡೆಯ ಗೀತಾ ನಾಗಭೂಷಣ ಅವರ 'ಬದುಕು'. 'ಬದುಕು'ಗೆ 2004ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದೈತಿ. 'ನಿಸರ್ಗ' ಓದೂ ಮುಂದ ನಮ್ಮ ಆಯಿ ಬಾಜೂಕ ಕುಂತ ಮಾತಾಡಿದಂಗ ಆತು. ನಮ್ಮ ಮಾತು ಗಾವಟಿ, ಪುಸ್ತಕದಾಗ ಬರೂದಲ್ಲ ಅಂತ ನಮ್ಮ ಮಕ್ಕಳು ನಾಚಕೋತಾರ. ಅವರ ಕೈಯಾಗ ಈ ಪುಸ್ತಕಾ ಇಡ್ರಿ.

ಈಗ ಎಲ್ಲಾಕ್ಕಿಂತ ದೊಡ್ಡ ಮಾತು. ಓದೂ ರೂಢಿ ಇದ್ದ ಕಣ್ಣು ಅಚ್ಚಿನ ಅಕ್ಷರಕ್ಕ ಅಂಜೂದಿಲ್ಲ. ರೂಢಿ ತಪ್ಪಿದ ಕಣ್ಣು ಕಾಗದಾ ನೋಡಿದ ಕೂಡ್ಲೆ "ಎಲ್ಲಿ ಸಹಿ ಮಾಡ್ಲಿ?" ಅಂತ ಕೇಳತೈತಿ. ಸಂಘದ ಸಾಲದ ಕಾಗದಾ, ಬ್ಯಾಂಕಿನ ಫಾರ್ಮ್, ಹೊಲದ ಉತಾರ, ದವಾಖಾನಿ ಕಾಗದಾ, ನಾವು ಓದಿ ಸಹಿ ಮಾಡಿದ್ದು ಎಷ್ಟ ಹೇಳ್ರಿ?

ನನಗ ಗೊತ್ತಿದ್ದ ಒಬ್ಬಾಕಿ ತವರಮನಿ ಜಾತ್ರಿಗೆ ಹೋದಾಗ, ಸೀರಿ ಉಡಿಸಿ, ಊಟಾ ಮಾಡಿಸಿ, ಮ್ಯಾಲ ಒಂದ ಕಾಗದಾ ಮುಂದ ಇಟ್ರಂತ. "ಸುಮ್ನ ಒಂದ ಸಹಿ, ತಂಗಿ." ಅದು ಹೊಲದಾಗಿನ ಪಾಲಿನ ಹಕ್ಕ ಬಿಟ್ಟ ಕೊಡೂ ಪತ್ರ. 2005ರ ಹಿಂದೂ ವಾರಸಾ ಕಾಯ್ದೆ ತಿದ್ದುಪಡಿಯಿಂದ ಹಿರಿಯಾರ ಆಸ್ತ್ಯಾಗ ಮಗಳಿಗೂ ಮಗನಷ್ಟ ಹಕ್ಕ ಐತಿ. ಆ ತಿದ್ದುಪಡಿ ಜಾರಿ ಆದಾಗ ಅಪ್ಪ ಜೀವಂತ ಇರಲೇಬೇಕು ಅಂತಿಲ್ಲ ಅಂತ 2020ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟೈತಿ. ಆಕಿ ಏನಂದ್ಲು ಗೊತ್ತೇನ್ರಿ? "ಅಣ್ಣಾ, ಕಾಗದಾ ಮನಿಗೆ ಒಯ್ತೀನಿ, ಓದಿ ಹೇಳ್ತೀನಿ." ಅಷ್ಟ ಅಂದದ್ದಕ್ಕ ಇಡೀ ಪಡಸಾಲಿ ಸುಮ್ಮಾತು. ನಮ್ಮ ಮನಿಗೆ ತಂದ್ಲು, ಇಬ್ಬರೂ ಕೂಡಿ ಸಾಲ ಸಾಲ ಓದಿದಿವಿ. ಮುಂದ ಆಕಿ ಸಹಿ ಮಾಡಿದ್ಲೋ ಬಿಟ್ಲೋ ಅದು ಆಕಿ ಇಚ್ಛಾ, ತವರಿನ ಪ್ರೀತಿ ಆಕಿಗೂ ಬೇಕಲ್ಲ. ಏನ ಮಾಡಿದ್ರೂ ಓದಿ ಮಾಡಿದ್ಲು. ನನ್ನ ವಾದ ಇಷ್ಟ ಐತಿ. ಕೊಡೂದು ಬಿಡೂದು ತಿಳದ ಆಗ್ಬೇಕು, ತಿಳೀದ ಅಲ್ಲ.

"ಈಗ ಮೊಬೈಲ್ ಐತಲ್ಲ, ಎಲ್ಲಾ ಅದರಾಗ ಬರತೈತಿ" ಅಂತೀರಿ. ಬರತೈತಿ ಖರೆ. ಮೊಬೈಲಿನಾಗ ಬರೂದು ಅವರು ತೋರಿಸಿದ್ದು, ಪುಸ್ತಕದಾಗ ಇರೂದು ನಾವು ಆರಿಸಿದ್ದು. ಅರ್ಧಾ ತಾಸ ರೀಲ್ಸ್ ನೋಡಿ ಎದ್ದಾಗ ಏನ ನೋಡಿದ್ಯಾ ಅಂತ ನೆನಪಿರೂದಿಲ್ಲ. ಫಣಿಯಮ್ಮನ್ನ ಓದಿ ಎದ್ದಾಗ ಆಕಿ ನಮ್ಮ ಹಿಂದ ಅಡಗಿ ಮನಿಗೆ ಬರ್ತಾಳ.

"ಪುಸ್ತಕಕ್ಕ ರೊಕ್ಕಾ ಎಲ್ಲಿಂದ?" ಅಂತೀರಿ. ರೊಕ್ಕಾ ನೀವು ಆಗಲೇ ಕೊಟ್ಟೀರಿ! ಪಂಚಾಯಿತಿಗೆ ಮನಿಪಟ್ಟಿ ತುಂಬಿದ ಪಾವತಿ ತಗದ ನೋಡ್ರಿ, ಅದರಾಗ ಗ್ರಂಥಾಲಯ ಕರ ಅಂತ ಒಂದ ಸಾಲ ಇರತೈತಿ. ಪಟ್ಟಿ 100 ರೂಪಾಯಿ ಇದ್ರ ಅದರ ಮ್ಯಾಲ 6 ರೂಪಾಯಿ. ಆ ರೊಕ್ಕದ ಮ್ಯಾಲ ಗಂಡಸರಿಗೆ ಎಷ್ಟ ಹಕ್ಕ ಐತೋ ನಮಗೂ ಅಷ್ಟ ಐತಿ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತ ಹೆಸರು. ಅಲ್ಲಿ ಗಂಡಸರು ಪೇಪರ್ ಓದ್ತಾರ, ಹುಡುಗೂರು ಪರೀಕ್ಷೆಕ್ಕ ಓದ್ತಾರ. ಹೆಂಗಸರು ಎಲ್ಲಿ? ನಮಗ ಬಿಡುವ ಸಿಗೂದು ಮಧ್ಯಾಹ್ನ ಎರಡರಿಂದ ನಾಕ. ಆ ಹೊತ್ತಿಗೆ ಬಾಗಲಾ ತಗದಿರಬೇಕು, ಹೆಂಗಸರಿಗೆ ಕುಂದರಾಕ ಜಾಗಾ ಇರಬೇಕು, ಪುಸ್ತಕಾ ಮನಿಗೆ ಒಯ್ಯಾಕ ಕೊಡಬೇಕು. ಮುಂದಿನ ಮಹಿಳಾ ಗ್ರಾಮಸಭಾದಾಗ ಗಟಾರ, ನಳದ ಜೋಡಿ ಇದನ್ನೂ ಕೇಳ್ರಿ. ಒಬ್ಬಾಕಿ ಕೇಳಿದ್ರ ನಗತಾರ, ಇಪ್ಪತ್ತ ಮಂದಿ ಎದ್ದ ನಿಂತ್ರ ಬರಕೋತಾರ.

ನೂರಾ ಐವತ್ತ ವರ್ಷದ ಹಿಂದ ಬಂಗಾಲದಾಗ ರಾಸಸುಂದರಿ ದೇವಿ ಅಂತ ಒಬ್ಬ ಗೃಹಿಣಿ ತನ್ನ ಜೀವನದ ಕಥಿ ಬರದ್ಲು. ಹೆಂಗಸು ಓದಿದ್ರ ವಿಧವೆ ಆಗ್ತಾಳ ಅಂತ ನಂಬೂ ಕಾಲ ಅದು. ಆಕಿ ಪುಸ್ತಕದ ಒಂದ ಹಾಳಿ ಕಿತ್ತ ಅಡಗಿ ಮನ್ಯಾಗ ಮುಚ್ಚಿಟ್ಟು, ಮಗ ಬರದ ಅಕ್ಷರದ ಜೋಡಿ ಹೋಲಿಸಿ ಹೋಲಿಸಿ ಓದಾಕ ಕಲ್ತಳು. ಆಕಿಗೆ ಮುಚ್ಚಿಡೂ ಪಾಳಿ ಇತ್ತು. ನಮಗ ಯಾರೂ ಬ್ಯಾಡ ಅಂದಿಲ್ಲ, ಬರೇ ನಗತಾರ. ಬರೇ ನಗೂದಕ್ಕ ಅಂಜಿ ನಾವು ಪುಸ್ತಕಾ ಕಪಾಟಿನ್ಯಾಗ ಇಡೂದು ಬ್ಯಾಡ.

ನನ್ನ ಬಲ್ಲಿ ಇದ್ದ 'ಫಣಿಯಮ್ಮ' ಈ ವಾರದಿಂದ ಓಣಿ ತಿರಗಾಕ ಬಿಡ್ತೀನಿ. ಯಾರಿಗೆ ಬೇಕೋ ಬಂದ ಒಯ್ರಿ. ಒಂದ ತಿಂಗಳು ಇಟ್ಟಕೊಳ್ರಿ, ಎರಡ ತಿಂಗಳಾದ್ರೂ ಅಡ್ಡಿ ಇಲ್ಲ. ಹಾಳಿಗೆ ಅರಿಷಿಣ ಕೈ ಹತ್ತಿದ್ರೂ ಅಡ್ಡಿ ಇಲ್ಲ, ಅದು ನಮ್ಮ ಹೆಣಮಕ್ಕಳು ಓದಿದ ಗುರ್ತ. ಓದದ ಹೊಳ್ಳಿ ಕೊಟ್ರ ಮಾತ್ರ ತಗೊಳ್ಳೂದಿಲ್ಲ.